ಒಂದು ಮೀನಿನ ಲೆಕ್ಕ

ಸೋಮವಾರ ಬೆಳಿಗ್ಗೆ ಯಿಟ್ಸ್ಕೆ ಬಂದು
ಬಂಗುಡೆ ಕೇಳಿದಳು, ಒಂದೇ ಒಂದು.
"ತಲೆ ಇರಲಿ, ಕರುಳೂ ಇರಲಿ,
ಬೆನ್ನ ಪಟ್ಟೆ ಮಾತ್ರ ಮಾಸಿರಬಾರದು."
ತಿನ್ನುವವರು ಹೀಗೆ ಕೇಳುವುದಿಲ್ಲ.
ನಲವತ್ತು ವರ್ಷ ಹಾರ್ಲಿಂಗನ್ ಬಂದರಿನಲ್ಲಿ
ಮೀನು ಕೊಯ್ದ ನನಗೆ
ಗಿರಾಕಿಯ ನೋಟ ಹೊಟ್ಟೆಯಿಂದ ಎದ್ದದ್ದೋ
ಬೇರೆಲ್ಲಿಂದಲೋ ತಿಳಿಯುತ್ತದೆ.

ಹಳೆಯ ಉಪ್ಪಿನ ಉಗ್ರಾಣದ ಅಟ್ಟ,
ಬಡಗಣಕ್ಕೆ ಒಂದು ಕಿಟಕಿ,
ಅರ್ಧ ಬಾಡಿಗೆ ಅವಳದು, ಅರ್ಧ ವೀಬ್ರೆನ್‌ನದು.
ಅವಳ ಕ್ಯಾಮೆರಾಕ್ಕೆ ಮೂರು ಕಾಲು,
ಅವನ ಕ್ಯಾನ್ವಾಸಿಗೂ ಮೂರೇ.
ಮೇಜು ಮಾತ್ರ ಒಂದು.
ಅದರ ಮೇಲೆ ತವರದ ಹೂಜಿ, ಅರ್ಧ ಸುಲಿದ ನಿಂಬೆ,
ಮಡಿಕೆ ಬಿದ್ದ ಬಿಳಿ ಬಟ್ಟೆ,
ಮತ್ತು ನನ್ನ ಮೀನು.

ಮಧ್ಯಾಹ್ನ ಮಂಜುಗಡ್ಡೆ ಕೊಡಲು ಮೆಟ್ಟಿಲು ಹತ್ತಿದೆ.
ಯಿಟ್ಸ್ಕೆ ಸತ್ತ ಮೀನಿಗೆ ಗ್ಲಿಸರಿನ್ ಸವರುತ್ತಿದ್ದಳು,
ಕೂಸಿಗೆ ಎಣ್ಣೆ ತೀಡುವ ಹಾಗೆ.
ಬಿಳಿ ರಟ್ಟು ಆಚೆ ಸರಿಸಿ, ಕರಿ ರಟ್ಟು ಈಚೆ ತಂದು,
ಬಟ್ಟೆಯ ಮಡಿಕೆ ಒಂದು ಬೆರಳು ಕೆಳಗಿಳಿಸಿ,
ಮೋಡ ಹೋಗಲೆಂದು, ಮತ್ತೆ ಬರಲೆಂದು ಕಾದು,
ಸಂಜೆ ನಾಲ್ಕಕ್ಕೆ
ಟಿಕ್.
ಇಷ್ಟಕ್ಕೆ ಅಷ್ಟು ಹೊತ್ತೇ ಎಂದೆ.
"ಕಾಯುವುದು ಕೆಲಸ. ಟಿಕ್ ಅದರ ರಸೀತಿ" ಎಂದಳು.

ವೀಬ್ರೆನ್ ಅಷ್ಟರಲ್ಲಿ
ನಿಂಬೆ ಸಿಪ್ಪೆಯ ಒಂದು ಸುರುಳಿ ಮುಗಿಸಿದ್ದ.
ಮೀನಿನ ಜಾಗದಲ್ಲಿ ಇನ್ನೂ ಬರಿಯ ಮಣ್ಣುಬಣ್ಣ.

ಬುಧವಾರ ಅವನೇ ಇಳಿದು ಬಂದ.
"ಅಂಥದ್ದೇ ಇನ್ನೊಂದು ಕೊಡಿ, ಅದರ ನೀಲಿ ಹೋಯಿತು."
ಗುರುವಾರ: "ಕಣ್ಣು ಗುಳಿಬಿತ್ತು."
ಶನಿವಾರ: "ಬೆಕ್ಕು."
ಮುಂದಿನ ಮಂಗಳವಾರ ಮಾತಿಲ್ಲದೆ ಕೈ ಚಾಚಿದ,
ಉಗುರಿನ ಸಂದಿಯಲ್ಲಿ ಬಂಗುಡೆಯ ಬೆನ್ನ ಹಸಿರು.

ನಮ್ಮಲ್ಲಿ ಇಂಥ ಚಿತ್ರಕ್ಕೆ ಸುಮ್ಮನಿರುವ ಬದುಕು ಎನ್ನುತ್ತಾರೆ,
ಫ್ರೆಂಚರು ಸತ್ತ ಪ್ರಕೃತಿ ಎನ್ನುತ್ತಾರಂತೆ.
ಮೀನು ಮಾರುವವಳಿಗೆ ಇವೆರಡರ ನಡುವೆ
ಒಂದು ಬೊಗಸೆ ಮಂಜುಗಡ್ಡೆಯಷ್ಟೇ ಅಂತರ.

ನವೆಂಬರಿನಲ್ಲಿ ಹಳೆಯ ತೂಕದ ಮನೆಯಲ್ಲಿ ಪ್ರದರ್ಶನ.
ನಾನೂ ಹೋದೆ, ಕೈಯನ್ನು ನಿಂಬೆ ಹಾಕಿ ಎರಡು ಸಲ ತೊಳೆದು.
ಫೋಟೋದ ಮುಂದೆ ಮೊದಲು ನಿಂತೆ.
ಕಿವಿರಿನ ಕೆಳಗೆ ನನ್ನ ಕೊಕ್ಕೆ ಎಳೆದ ಗೀರು,
ಅಯ್ಯೋ, ಹಾಗೆಯೇ ಇದೆ, ನಾಚಿಕೆಯಾಯಿತು.
ಸೋಮವಾರದ್ದೇ, ಸಂಶಯವಿಲ್ಲ.
ಮೈಯ ಹೊಳಪು ಕಡಲಿನದಲ್ಲ, ಔಷಧದಂಗಡಿಯದು,
ಅದು ನನಗೆ ಗೊತ್ತು, ಯಾರಿಗೂ ಹೇಳಲಿಲ್ಲ.

ಪಕ್ಕದಲ್ಲಿ ವೀಬ್ರೆನ್‌ನ ಮೀನು.
ತಲೆ ಬುಧವಾರದ್ದು, ಕಣ್ಣು ಗುರುವಾರದ್ದು,
ಬಾಲ ಬಹುಶಃ ಬೆಕ್ಕು ಬಿಟ್ಟದ್ದು.
ಇಂಥ ಮೀನು ಯಾವ ಬಲೆಗೂ ಬಿದ್ದಿಲ್ಲ,
ಆದರೂ ನೋಡುತ್ತ ನಿಂತರೆ
ನಾಲಿಗೆಯ ಮೇಲೆ ಉಪ್ಪು.

"ಥೇಟ್ ಫೋಟೋ!" ಎಂದರು ಯಾರೋ ಅವನ ಚಿತ್ರಕ್ಕೆ.
"ಥೇಟ್ ಪೇಂಟಿಂಗ್!" ಎಂದರು ಅವಳದಕ್ಕೆ.
ಹೊಗಳಿಕೆಯೇ ಎರಡೂ.
ಇಬ್ಬರ ಮುಖವೂ ಹಳಸಿದ ಹಾಲಿನಂತಾಯಿತು.

ನಾನು ಕನ್ನಡಕ ಒರೆಸಿ ಹೂಜಿಯ ಹತ್ತಿರ ಬಾಗಿದೆ.
ಅವನು ಬರೆದ ತವರದ ಹೊಟ್ಟೆಯೊಳಗೆ
ಕಿಟಕಿಯ ಬೆಳಕು ಡೊಂಕಾದಲ್ಲಿ
ಮೂರು ಸಣ್ಣ ಕರಿಗೆರೆ, ಮೇಲೊಂದು ಬಾಗಿದ ಜಡೆ.
ತೆಗೆದುಬಿಡಬಹುದಿತ್ತು, ಕುಂಚ ಅವನ ಕೈಯಲ್ಲೇ ಇತ್ತು.
ಅವಳ ಹೂಜಿಯಲ್ಲೂ ಹುಡುಕಿದೆ:
ಅಂಚಿನಲ್ಲಿ ಒಂದು ಮೊಣಕೈ, ತೇಪೆ ಹಾಕಿದ ಸ್ವೆಟರು.
ದಿನವಿಡೀ ರಟ್ಟು ಸರಿಸಿದವಳಿಗೆ
ಅದು ಕಾಣಲಿಲ್ಲವೆಂದರೆ ನಾನು ನಂಬುವುದಿಲ್ಲ.

ಮನೆಗೆ ಬಂದು ಬಾಕಿ ಪುಸ್ತಕ ತೆರೆದೆ.
ಯಿಟ್ಸ್ಕೆ: ಮೀನು ಒಂದು, ಹಣ ಸಂದಿದೆ.
ವೀಬ್ರೆನ್: ಮೀನು ನಾಲ್ಕು.
ಪೆನ್ಸಿಲು ಕಚ್ಚುತ್ತ ಸ್ವಲ್ಪ ಹೊತ್ತು ಕೂತೆ.
ನಾಲ್ಕು ಹೊಡೆದು ಒಂದು ಎಂದು ಬರೆದೆ.
ಆಮೇಲೆ ಬೆಕ್ಕಿನ ನೆನಪಾಗಿ
ಎರಡು ಮಾಡಿದೆ.